ಪ್ರಾಧ್ಯಾಪಕರ ಹೆಸರನ್ನು ಪದ್ಮ ಪ್ರಶಸ್ತಿಗೆ ಸೂಚಿಸುವುದು ಹೇಗೆ?

ಪ್ರಶ್ನೆ: ನಾವು ಉಡುಪಿ, ಕುಂದಾಪುರ, ಮಂಗಳೂರು ಕಡೆಯ ಕೆಲವು ಹಳೆ ವಿದ್ಯಾರ್ಥಿಗಳು. ನಮಗೆ ಕನ್ನಡ ಎಂ.ಎ.ಯಲ್ಲಿ ಪಾಠ ಹೇಳಿದ ಪ್ರಾಧ್ಯಾಪಕರು ವಿಶ್ವವಿದ್ಯಾನಿಲಯದಿಂದ ನಿವೃತ್ತರಾಗಿ ಹಲವು ವರ್ಷಗಳಾದವು. ಸೇವೆಯಲ್ಲಿದ್ದಾಗ ಅವರು ರಜೆ ಸಿಕ್ಕಾಗಲೆಲ್ಲ ಟೇಪ್ ರೆಕಾರ್ಡರ್ ಹಿಡಿದು ಹಳ್ಳಿಗಳಿಗೆ ಹೋಗಿ ತುಳುವಿನ ದೀರ್ಘ ಕಥನಗೀತೆಗಳಾದ ಪಾಡ್ದನಗಳನ್ನು ರಾತ್ರಿ ಹೊತ್ತಿನಲ್ಲಿ ಧ್ವನಿಮುದ್ರಿಸಿಕೊಂಡು ಬಂದು, ಕೇಳಿ ಕೇಳಿ ಕನ್ನಡ ಲಿಪಿಗೆ ಇಳಿಸಿದವರು. ಅವರ ಮನೆಯಲ್ಲಿ ಎರಡು ಕಪಾಟು ತುಂಬ ಕ್ಯಾಸೆಟ್ಟುಗಳಿವೆ; ಒಂದೊಂದರ ಮೇಲೂ ಹಾಡಿದವರ ಹೆಸರು, ಊರು, ದಿನಾಂಕ, ಯಾರಿಂದ ಕಲಿತರೆಂಬುದನ್ನು ಬರೆದಿಟ್ಟಿದ್ದಾರೆ. ಅವರ ಹೆಸರನ್ನು ಪದ್ಮ ಪ್ರಶಸ್ತಿಗೆ ಸೂಚಿಸಬೇಕೆಂಬ ಆಸೆ ನಮಗಿದೆ. ನಮ್ಮಂಥ ಸಾಮಾನ್ಯರು ಸೂಚಿಸಬಹುದೇ, ಇಲ್ಲವೇ ಶಾಸಕರು, ಸಂಸದರು ಅಥವಾ ಕುಲಪತಿಗಳ ಶಿಫಾರಸು ಬೇಕೇ? ಸರ್ಕಾರದ ಸಂಬಳ ಪಡೆದವರಿಗೆ ಈ ಪ್ರಶಸ್ತಿ ಇಲ್ಲವೆಂದು ಕೆಲವರು ಹೇಳುತ್ತಾರೆ, ನಿಜವೇ? ಬ್ರಿಟನ್ನಿನಲ್ಲಿ ಪ್ರೊಫೆಸರುಗಳ ಹೆಸರಿನ ಮೊದಲು 'ಸರ್' ಬರುವಂತೆ ಇಲ್ಲಿ 'ಪದ್ಮಶ್ರೀ' ಎಂದು ಬರೆದುಕೊಳ್ಳಬಹುದೇ? ನಾವು ತಯಾರಿಸಿದ ಕರಡನ್ನು ಈ ಪತ್ರದ ಜೊತೆ ಇಟ್ಟಿದ್ದೇವೆ. ಮೇಷ್ಟ್ರಿಗೆ ಇದರಲ್ಲಿ ಅಷ್ಟೇನೂ ಉತ್ಸಾಹವಿಲ್ಲ ಎಂಬುದನ್ನೂ ಹೇಳಿಬಿಡಬೇಕು.

ಉತ್ತರ: ಮೊದಲ ಪ್ರಶ್ನೆಗೆ ಉತ್ತರ ಸರಳವಾಗಿದೆ. ಯಾವ ನಾಗರಿಕರೂ ಇನ್ನೊಬ್ಬರ ಹೆಸರನ್ನು ಪದ್ಮ ಪ್ರಶಸ್ತಿಗೆ ಸೂಚಿಸಬಹುದು. ತಮ್ಮ ಹೆಸರನ್ನು ತಾವೇ ಸೂಚಿಸಿಕೊಳ್ಳುವುದಕ್ಕೂ ಅವಕಾಶವಿದೆ. ಶಾಸಕರ ಪತ್ರವಾಗಲಿ ಕುಲಪತಿಗಳ ಸಹಿಯಾಗಲಿ ಕಡ್ಡಾಯವಲ್ಲ. ರಾಜ್ಯ ಸರ್ಕಾರಗಳು, ಕೇಂದ್ರದ ಸಚಿವಾಲಯಗಳು, ಈ ಹಿಂದೆ ಭಾರತರತ್ನ ಮತ್ತು ಪದ್ಮವಿಭೂಷಣ ಪಡೆದವರು ಹೆಸರುಗಳನ್ನು ಕಳಿಸುವ ಪದ್ಧತಿ ಮೊದಲಿನಿಂದ ಇದೆ. ಅದರ ಜೊತೆಗೆ ಸಾರ್ವಜನಿಕರೂ ಕೇಂದ್ರ ಸರ್ಕಾರದ ರಾಷ್ಟ್ರೀಯ ಪುರಸ್ಕಾರ ಪೋರ್ಟಲ್‌ನಲ್ಲಿ ಆನ್‌ಲೈನ್ ಮೂಲಕ ನಾಮನಿರ್ದೇಶನ ಸಲ್ಲಿಸಬಹುದು. ಅಂಚೆಯಲ್ಲಿ ಕಳಿಸಿದ ಅರ್ಜಿ, ಸಂಘ ಸಂಸ್ಥೆಗಳ ಲೆಟರ್‌ಹೆಡ್ಡಿನಲ್ಲಿ ಬರೆದ ಮನವಿ, ಸಹಿ ಸಂಗ್ರಹ ಇವುಗಳಿಂದ ಪ್ರಯೋಜನವಿಲ್ಲ. ಹತ್ತು ಮಂದಿ ಒಂದೇ ಹೆಸರನ್ನು ಹತ್ತು ಸಲ ಕಳಿಸಿದರೆ ಬಲ ಹೆಚ್ಚುತ್ತದೆ ಎಂಬ ನಂಬಿಕೆ ನಮ್ಮ ಕಡೆ ಬಹಳ ಇದೆ. ಒಬ್ಬರು ಮನಸ್ಸಿಟ್ಟು, ಪುರಾವೆ ಕೂಡಿಸಿ ಬರೆದ ಒಂದು ನಾಮನಿರ್ದೇಶನ ಸಾಕು. ಉಳಿದವರು ಅದಕ್ಕೆ ಬೇಕಾದ ಮಾಹಿತಿಯನ್ನು ಹುಡುಕಿ ಕೊಡುವ ಕೆಲಸ ಹಂಚಿಕೊಳ್ಳಲಿ.

ಹೀಗೆ ಬಂದ ಹೆಸರುಗಳನ್ನು ಪರಿಶೀಲಿಸುವುದು ಪದ್ಮ ಪ್ರಶಸ್ತಿ ಸಮಿತಿ. ಪ್ರಧಾನ ಮಂತ್ರಿಗಳು ಪ್ರತಿವರ್ಷ ರಚಿಸುವ ಈ ಸಮಿತಿಗೆ ಸಂಪುಟ ಕಾರ್ಯದರ್ಶಿಗಳು ಅಧ್ಯಕ್ಷರು. ಗೃಹ ಕಾರ್ಯದರ್ಶಿ, ರಾಷ್ಟ್ರಪತಿಗಳ ಕಾರ್ಯದರ್ಶಿ ಮತ್ತು ನಾಲ್ಕರಿಂದ ಆರು ಮಂದಿ ಗಣ್ಯರು ಸದಸ್ಯರು. ಸಮಿತಿಯ ಶಿಫಾರಸು ಪ್ರಧಾನ ಮಂತ್ರಿಗಳಿಗೂ ರಾಷ್ಟ್ರಪತಿಗಳಿಗೂ ಹೋಗಿ, ಅಂತಿಮ ಪಟ್ಟಿ ಗಣರಾಜ್ಯೋತ್ಸವದ ಹೊತ್ತಿಗೆ ಪ್ರಕಟವಾಗುತ್ತದೆ. ಮರಣೋತ್ತರ ಪ್ರಶಸ್ತಿಗಳನ್ನೂ ಅನಿವಾಸಿ ಭಾರತೀಯರು ಮತ್ತು ವಿದೇಶೀಯರಿಗೆ ಕೊಡುವವುಗಳನ್ನೂ ಬಿಟ್ಟರೆ ಒಂದು ವರ್ಷಕ್ಕೆ 120ಕ್ಕಿಂತ ಹೆಚ್ಚು ಪ್ರಶಸ್ತಿ ಕೊಡುವಂತಿಲ್ಲ. 2025ರಲ್ಲಿ ಒಟ್ಟು 139 ಮಂದಿಗೆ ಪ್ರಶಸ್ತಿ ಬಂತು: 7 ಪದ್ಮವಿಭೂಷಣ, 19 ಪದ್ಮಭೂಷಣ, 113 ಪದ್ಮಶ್ರೀ. ಇಡೀ ದೇಶದ ಕಲೆ, ಕ್ರೀಡೆ, ವೈದ್ಯಕೀಯ, ವಿಜ್ಞಾನ, ಉದ್ಯಮ, ಸಮಾಜ ಸೇವೆ, ಸಾರ್ವಜನಿಕ ಜೀವನ ಎಲ್ಲವೂ ಸೇರಿ ಇಷ್ಟೇ ಸ್ಥಾನಗಳು. ಸಾಹಿತ್ಯ ಮತ್ತು ಶಿಕ್ಷಣ ಎಂಬ ಒಂದು ವಿಭಾಗದೊಳಗೆ ಎಲ್ಲ ಭಾಷೆಗಳ ಸಾಹಿತಿಗಳೂ ಎಲ್ಲ ವಿಶ್ವವಿದ್ಯಾನಿಲಯಗಳ ವಿದ್ವಾಂಸರೂ ಶಾಲಾ ಶಿಕ್ಷಕರೂ ಬರುತ್ತಾರೆ. ಈ ಲೆಕ್ಕವನ್ನು ನಿಮ್ಮನ್ನು ಹಿಂಜರಿಸಲೆಂದು ಹೇಳುತ್ತಿಲ್ಲ. ಅಷ್ಟು ಹೆಸರುಗಳ ನಡುವೆ ನಿಮ್ಮ ಮೇಷ್ಟ್ರ ಹೆಸರನ್ನು ಓದುವವರು ಕೆಲವೇ ನಿಮಿಷಗಳಲ್ಲಿ ಅವರ ಕೆಲಸವೇನೆಂದು ತಿಳಿಯುವಂತೆ ಬರೆಯಬೇಕಾಗುತ್ತದೆ ಎಂಬುದು ಗಮನದಲ್ಲಿರಲಿ.

ಸರ್ಕಾರಿ ಸಂಬಳದ ವಿಷಯದಲ್ಲಿ ನೀವು ಕೇಳಿದ್ದು ಅರ್ಧ ಸರಿ. ವೈದ್ಯರು ಮತ್ತು ವಿಜ್ಞಾನಿಗಳನ್ನು ಬಿಟ್ಟು, ಸೇವೆಯಲ್ಲಿರುವ ಸರ್ಕಾರಿ ನೌಕರರಿಗೂ ಸಾರ್ವಜನಿಕ ವಲಯದ ಉದ್ದಿಮೆಗಳ ನೌಕರರಿಗೂ ಪದ್ಮ ಪ್ರಶಸ್ತಿಗೆ ಅರ್ಹತೆಯಿಲ್ಲ. ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನ ಅಧ್ಯಾಪಕರು ರಾಜ್ಯ ಸರ್ಕಾರದ ನೌಕರರಾದ್ದರಿಂದ ಸೇವೆಯಲ್ಲಿ ಇರುವಷ್ಟು ಕಾಲ ಅವರಿಗೆ ಈ ನಿಯಮ ಅಡ್ಡ ಬರುತ್ತದೆ. ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕರ ಸ್ಥಿತಿ ಬೇರೆ. ಅವರನ್ನು ನೇಮಿಸುವುದು ಕಾಯ್ದೆಯ ಮೂಲಕ ಸ್ಥಾಪನೆಯಾದ ವಿಶ್ವವಿದ್ಯಾನಿಲಯವೇ ಹೊರತು ಸರ್ಕಾರದ ಇಲಾಖೆಯಲ್ಲ. ನಿಮ್ಮ ಗುರುಗಳು ನಿವೃತ್ತರಾಗಿ ವರ್ಷಗಳೇ ಆಗಿರುವುದರಿಂದ ಈ ಚರ್ಚೆ ಅವರ ಮಟ್ಟಿಗೆ ಏಳುವುದೇ ಇಲ್ಲ.

ಇನ್ನು ಮುಖ್ಯ ವಿಷಯಕ್ಕೆ ಬರುತ್ತೇನೆ, ಅಂದರೆ ನಿಮ್ಮ ಕರಡಿಗೆ. ವಿಶ್ವವಿದ್ಯಾನಿಲಯದ ಆಡಳಿತದಲ್ಲಿ ಕೆಲಸ ಮಾಡಿದ ಕಾಲದಲ್ಲಿಯೂ ಆಮೇಲೆಯೂ ಇಂಥ ಕರಡುಗಳನ್ನು ಬಹಳಷ್ಟು ಓದಿದ್ದೇನೆ, ತಿದ್ದಿಕೊಟ್ಟಿದ್ದೇನೆ. ಎಲ್ಲದರಲ್ಲಿಯೂ ಕಾಣುವ ಕೊರತೆ ನಿಮ್ಮದರಲ್ಲಿಯೂ ಇದೆ: ಅದು ಹುದ್ದೆಗಳ ಪಟ್ಟಿಯಾಗಿದೆ. ವಿಭಾಗದ ಮುಖ್ಯಸ್ಥರು, ಡೀನ್, ಸಿಂಡಿಕೇಟ್ ಸದಸ್ಯರು, ಪಠ್ಯಪುಸ್ತಕ ಸಮಿತಿಯ ಅಧ್ಯಕ್ಷರು, ಇಷ್ಟು ಮಂದಿಗೆ ಪಿಎಚ್.ಡಿ. ಮಾರ್ಗದರ್ಶನ, ಇಷ್ಟು ಲೇಖನ, ಇಷ್ಟು ವಿಚಾರ ಸಂಕಿರಣ ಎಂದು ಮೂರು ಪುಟ ತುಂಬಿದ್ದೀರಿ; ಪಾಡ್ದನದ ಮಾತು ಬರುವುದು ಕೊನೆಯ ಪುಟದ ಕೊನೆಗೆ, 'ಜಾನಪದದಲ್ಲಿಯೂ ಆಸಕ್ತರು' ಎಂಬ ಎರಡು ಪದಗಳಲ್ಲಿ. ಬಡ್ತಿಯ ಸಂದರ್ಶನಕ್ಕೆ ಆ ಪಟ್ಟಿ ಬೇಕಾಗುತ್ತದೆ. ಪದ್ಮ ಪ್ರಶಸ್ತಿಯ ಮೂರೂ ಹಂತಗಳಲ್ಲಿ ನಿಯಮ ಕೇಳುವುದು ಸೇವೆಯನ್ನು: ಪದ್ಮಶ್ರೀಗೆ ವಿಶಿಷ್ಟ ಸೇವೆ, ಪದ್ಮಭೂಷಣಕ್ಕೆ ಉನ್ನತ ಮಟ್ಟದ ವಿಶಿಷ್ಟ ಸೇವೆ, ಪದ್ಮವಿಭೂಷಣಕ್ಕೆ ಅಸಾಧಾರಣ ಮತ್ತು ವಿಶಿಷ್ಟ ಸೇವೆ. ಸಂಬಳಕ್ಕೆ ಪ್ರತಿಯಾಗಿ ಮಾಡಲೇಬೇಕಾಗಿದ್ದ ಕೆಲಸವನ್ನು ಮೀರಿ ಒಬ್ಬರು ಏನು ಮಾಡಿದರು, ಅದರಿಂದ ತರಗತಿಯ ಹೊರಗಿನವರಿಗೆ ಏನು ದೊರಕಿತು ಎಂಬ ಪ್ರಶ್ನೆಗೆ ಅಲ್ಲಿ ಉತ್ತರವಿರಬೇಕು.

ನಮ್ಮ ಜಿಲ್ಲೆಗಳ ಸಂಬಂಧವಿರುವ ಹೆಸರುಗಳನ್ನೇ ತೆಗೆದುಕೊಂಡರೆ ಇದು ಸ್ಪಷ್ಟವಾಗುತ್ತದೆ. ಉಡುಪಿ ಬಳಿಯ ಅದಮಾರಿನಲ್ಲಿ ಹುಟ್ಟಿದ ಯು.ಆರ್. ರಾವ್ ಅವರು ಅಮೆರಿಕದಲ್ಲಿ ವಿಶ್ವವಿದ್ಯಾನಿಲಯದ ಅಧ್ಯಾಪಕರಾಗಿದ್ದು, ಅಲ್ಲಿಂದ ಮರಳಿ ಅಹಮದಾಬಾದಿನ ಭೌತ ಸಂಶೋಧನಾ ಪ್ರಯೋಗಾಲಯದಲ್ಲಿ ಪ್ರಾಧ್ಯಾಪಕರಾಗಿ ಸೇರಿದವರು. ಅವರ ನೇತೃತ್ವದಲ್ಲಿ ತಯಾರಾದ ದೇಶದ ಮೊದಲ ಉಪಗ್ರಹ ಆರ್ಯಭಟ 1975ರ ಏಪ್ರಿಲ್ 19ರಂದು ಕಕ್ಷೆ ಸೇರಿತು; ಪದ್ಮಭೂಷಣ ಬಂದದ್ದು ಮರುವರ್ಷ, 1976ರಲ್ಲಿ. ಮುಂದೆ 2017ರಲ್ಲಿ ಪದ್ಮವಿಭೂಷಣವೂ ಬಂತು. ಹೃದಯ ಶಸ್ತ್ರಚಿಕಿತ್ಸಕ ಎಂ.ಎಸ್. ವಲಿಯತ್ತಾನ್ ಅವರು 1993ರಲ್ಲಿ ಮಣಿಪಾಲಕ್ಕೆ ಅಲ್ಲಿನ ಡೀಮ್ಡ್ ವಿಶ್ವವಿದ್ಯಾನಿಲಯದ ಮೊದಲ ಕುಲಪತಿಗಳಾಗಿ ಬಂದರು. ಆದರೆ ದೇಶ ಅವರನ್ನು ಗುರುತಿಸಿದ್ದು ಆ ಕುರ್ಚಿಯಿಂದಲ್ಲ. ತಿರುವನಂತಪುರದ ಶ್ರೀಚಿತ್ರಾ ತಿರುನಾಳ್ ಸಂಸ್ಥೆಯಲ್ಲಿ ಅವರು ಮತ್ತು ಅವರ ತಂಡ ವರ್ಷಗಟ್ಟಲೆ ಶ್ರಮಿಸಿ ರೂಪಿಸಿದ ಕೃತಕ ಹೃದಯ ಕವಾಟ, ಆಮದು ಕವಾಟವನ್ನು ಕೊಳ್ಳಲಾಗದ ರೋಗಿಗಳ ಕೈಗೆಟುಕುವಂಥದ್ದಾಯಿತು. ಅವರಿಗೆ ಪದ್ಮಭೂಷಣ 1990ರಲ್ಲಿ, ಪದ್ಮವಿಭೂಷಣ 2005ರಲ್ಲಿ. ಅದೇ ವಿಶ್ವವಿದ್ಯಾನಿಲಯದ ಕುಲಪತಿಗಳಾಗಿದ್ದ ಹೃದ್ರೋಗ ತಜ್ಞ ಬಿ.ಎಂ. ಹೆಗ್ಡೆ ಅವರಿಗೆ 2010ರಲ್ಲಿ ಪದ್ಮಭೂಷಣ, 2021ರಲ್ಲಿ ಪದ್ಮವಿಭೂಷಣ ಸಂದವು. ಇನ್ನೂ ಹಿಂದೆ ಹೋದರೆ, 1953ರಲ್ಲಿ ಮಣಿಪಾಲದಲ್ಲಿ ಕಸ್ತೂರ್ಬಾ ವೈದ್ಯಕೀಯ ಕಾಲೇಜನ್ನು ಆರಂಭಿಸಿದ ಡಾ. ಟಿ.ಎಂ.ಎ. ಪೈ ಅವರಿಗೆ 1972ರಲ್ಲಿ ಪದ್ಮಶ್ರೀ. ಖಾಸಗಿಯವರು ವೈದ್ಯಕೀಯ ಕಾಲೇಜು ನಡೆಸುವುದು ತೀರ ಅಪರೂಪವಾಗಿದ್ದ ದಿನಗಳಲ್ಲಿ ಅವರು ಮಾಡಿದ ಸಾಹಸ ಅದು.

ವಿಶ್ವವಿದ್ಯಾನಿಲಯದ ಪೀಠವನ್ನೇರದೆಯೂ ವಿದ್ವತ್ತಿಗಾಗಿ ಗೌರವ ಪಡೆದವರು ಉಡುಪಿಯಲ್ಲಿಯೇ ಇದ್ದರು. ಮಾಧ್ವ ವಾಙ್ಮಯಕ್ಕೂ ಸಂಸ್ಕೃತ, ಕನ್ನಡಗಳಿಗೂ ಜೀವನವನ್ನೇ ಕೊಟ್ಟ ಬನ್ನಂಜೆ ಗೋವಿಂದಾಚಾರ್ಯರಿಗೆ 2009ರಲ್ಲಿ ಪದ್ಮಶ್ರೀ ಬಂತು. ಮಂಗಳೂರಿನ ಬೀದಿಗಳಲ್ಲಿ ಕಿತ್ತಳೆ ಮಾರಿ ಬಂದ ದುಡ್ಡಿನಿಂದ ತಮ್ಮೂರು ನ್ಯೂಪಡ್ಪುವಿನಲ್ಲಿ ಶಾಲೆ ಕಟ್ಟಿಸಿದ ಹರೇಕಳ ಹಾಜಬ್ಬರ ಹೆಸರು 2020ರ ಪಟ್ಟಿಯಲ್ಲಿ ಸಮಾಜ ಸೇವೆಯ ವಿಭಾಗದಲ್ಲಿ ಪ್ರಕಟವಾಯಿತು; ಕೊರೊನಾದಿಂದಾಗಿ ಸಮಾರಂಭ ಮುಂದೆ ಹೋಗಿ, ಅವರು ರಾಷ್ಟ್ರಪತಿ ಭವನದಲ್ಲಿ ಪ್ರಶಸ್ತಿ ಸ್ವೀಕರಿಸಿದ್ದು 2021ರ ನವೆಂಬರಿನಲ್ಲಿ. ಹರೇಕಳದಿಂದ ಮಂಗಳೂರು ವಿಶ್ವವಿದ್ಯಾನಿಲಯ ಇರುವ ಕೊಣಾಜೆ ದೂರವೇನಲ್ಲ. ಶಾಲೆಯ ಮೆಟ್ಟಿಲು ಹತ್ತದ ಹಾಜಬ್ಬರ ಬಗ್ಗೆ ಬರೆಯುವವರಿಗೆ ಹುದ್ದೆಗಳ ಪಟ್ಟಿ ಸಿಗಲಿಲ್ಲ, ಆದ್ದರಿಂದ ಅವರು ಮಾಡಿದ ಕೆಲಸವನ್ನೇ ಬರೆಯಬೇಕಾಯಿತು. ನಾವು ಪ್ರಾಧ್ಯಾಪಕರ ಬಗ್ಗೆ ಬರೆಯುವಾಗ ಪಟ್ಟಿ ಕೈಗೆ ಸಿದ್ಧವಾಗಿ ಸಿಗುವುದರಿಂದ ಕೆಲಸವನ್ನು ಬರೆಯುವುದೇ ಇಲ್ಲ.

ನಾಮನಿರ್ದೇಶನದಲ್ಲಿ ಸಾಧನೆಯನ್ನು ವಿವರಿಸಲು ಇರುವ ಮಿತಿ 800 ಪದಗಳು. ನಿಮ್ಮ ಮೂರು ಪುಟಗಳಲ್ಲಿ ಎರಡೂವರೆಯನ್ನು ಹೊಡೆದುಹಾಕಿದರೆ ಉಳಿದ ಜಾಗ ಧಾರಾಳವಾಗಿ ಸಾಕಾಗುತ್ತದೆ. ಈಗಿನ ಕರಡು ಹೀಗೆ ಆರಂಭವಾಗುತ್ತದೆ: 'ಸರಳ ಸಜ್ಜನಿಕೆಯ ಸಾಕಾರಮೂರ್ತಿ, ಶಿಷ್ಯವತ್ಸಲರು, ನಾಡಿನ ಹಿರಿಯ ವಿದ್ವಾಂಸರೂ ಆದ ಶ್ರೀಯುತರು ವಿವಿಧ ಹುದ್ದೆಗಳನ್ನು ಸಮರ್ಥವಾಗಿ ನಿರ್ವಹಿಸಿ ಶೈಕ್ಷಣಿಕ ಕ್ಷೇತ್ರಕ್ಕೆ ಅನುಪಮ ಕೊಡುಗೆ ನೀಡಿದ್ದಾರೆ.' ಸನ್ಮಾನ ಪತ್ರಕ್ಕೆ ಇದು ಒಪ್ಪುತ್ತದೆ. ಯಾರ ಹೆಸರು ಸೇರಿಸಿದರೂ ಒಪ್ಪುತ್ತದೆ ಎಂಬುದೇ ಇದರ ದೋಷ. ನಿಮ್ಮ ಪತ್ರದಲ್ಲಿರುವ ಮಾಹಿತಿಯಿಂದಲೇ ನಾನು ಅದನ್ನು ಹೀಗೆ ಬರೆಯುತ್ತೇನೆ: 'ತುಳು ಭಾಷೆಯ ದೀರ್ಘ ಕಥನಗೀತೆಗಳಾದ ಪಾಡ್ದನಗಳನ್ನು ಭತ್ತದ ಸಸಿ (ನೇಜಿ) ನೆಡುವ ಹೆಂಗಸರೂ ಭೂತಾರಾಧನೆಯಲ್ಲಿ ದೈವಗಳ ಕಥೆ ಹೇಳುವ ಸಮುದಾಯಗಳವರೂ ಬಾಯಿಂದ ಬಾಯಿಗೆ ಉಳಿಸಿಕೊಂಡು ಬಂದಿದ್ದರು. ಗದ್ದೆ ಬೇಸಾಯ ಕಡಿಮೆಯಾಗುತ್ತಾ ಬಂದಂತೆ ಹಾಡುವ ಸಂದರ್ಭವೇ ಇಲ್ಲವಾಗುತ್ತಿದ್ದಾಗ, ಇವರು ಹಾಡುವವರ ಮನೆಗಳಿಗೇ ಹೋಗಿ, ಅವರಿಗೆ ಬಿಡುವಿರುವ ರಾತ್ರಿ ಹೊತ್ತಿನಲ್ಲಿ ಧ್ವನಿಮುದ್ರಿಸಿ, ಪ್ರತಿಯೊಂದು ಕ್ಯಾಸೆಟ್ಟಿನ ಮೇಲೆ ಹಾಡಿದವರ ಹೆಸರು, ಊರು, ದಿನಾಂಕ, ಯಾರಿಂದ ಕಲಿತರೆಂಬ ವಿವರಗಳನ್ನು ಬರೆದಿಟ್ಟರು. ಧ್ವನಿಯನ್ನು ಕೇಳಿ ಕೇಳಿ ಕನ್ನಡ ಲಿಪಿಗೆ ಇಳಿಸಿದರು.' ಇದರಲ್ಲಿ ಹೊಗಳಿಕೆಯ ಒಂದು ಪದವೂ ಇಲ್ಲ. ದೆಹಲಿಯಲ್ಲಿ ಕೂತು ಓದುವವರಿಗೆ ಪಾಡ್ದನವೆಂದರೇನೆಂದು ಗೊತ್ತಿರಬೇಕಾಗಿಲ್ಲ, ಇದನ್ನು ಓದಿದ ಮೇಲೆ ಗೊತ್ತಾಗುತ್ತದೆ.

ಆಮೇಲಿನ ಪರಿಚ್ಛೇದದಲ್ಲಿ ಆ ಸಂಗ್ರಹದಿಂದ ಏನಾಯಿತೆಂದು ಹೇಳಬೇಕು. ಯಾವ ಸಂಶೋಧಕರು ಅದನ್ನು ಬಳಸಿಕೊಂಡರು? ಯಾವ ಊರಿನಲ್ಲಿ ನಿಂತುಹೋಗಿದ್ದ ಹಾಡುಗಾರಿಕೆ ಆ ಧ್ವನಿಮುದ್ರಣವನ್ನು ಕೇಳಿ ಮತ್ತೆ ಆರಂಭವಾಯಿತು? ತುಳುವಿನಲ್ಲಿ ಎಂ.ಎ. ಓದುವ ಮಕ್ಕಳಿಗೆ ಅದು ಪಠ್ಯವಾಗಿ ಒದಗಿದೆಯೇ? ಒಬ್ಬ ಅಧ್ಯಾಪಕರ ಕೆಲಸ ಇಡೀ ಭಾಷಾ ಸಮುದಾಯದ ಆಸ್ತಿಯಾಗುವುದು ಹೇಗೆಂಬುದಕ್ಕೆ ಉಡುಪಿಯಲ್ಲೇ ಒಳ್ಳೆಯ ನಿದರ್ಶನವಿದೆ: ಎಂ.ಜಿ.ಎಂ. ಕಾಲೇಜಿನ ಆವರಣದಲ್ಲಿರುವ ರಾಷ್ಟ್ರಕವಿ ಗೋವಿಂದ ಪೈ ಸಂಶೋಧನ ಕೇಂದ್ರದಲ್ಲಿ, ಯು.ಪಿ. ಉಪಾಧ್ಯಾಯರ ಸಂಪಾದಕತ್ವದಲ್ಲಿ ತುಳು ನಿಘಂಟಿನ ಆರು ಸಂಪುಟಗಳು 1988ರಿಂದ 1997ರ ನಡುವೆ ಹೊರಬಂದವು. ಇಂದಿಗೂ ತುಳುವಿನ ಯಾವ ಶಬ್ದದ ಬಗ್ಗೆ ವಾದ ಬಂದರೂ ಕೈ ಹೋಗುವುದು ಆ ಸಂಪುಟಗಳ ಕಡೆಗೆ. ನಿಮ್ಮ ಗುರುಗಳ ಸಂಗ್ರಹಕ್ಕೂ ಅಂಥ ಬಳಕೆ ಇದ್ದರೆ ಅದೇ ಅವರ ಸೇವೆಗೆ ದೊಡ್ಡ ಸಾಕ್ಷಿ. ಬಳಕೆ ಇನ್ನೂ ಆಗಿಲ್ಲವೆಂದಾದರೆ ಮೊದಲು ಆಗಬೇಕಾದ ಕೆಲಸ ನಾಮನಿರ್ದೇಶನವಲ್ಲ, ಆ ಕ್ಯಾಸೆಟ್ಟುಗಳನ್ನು ಡಿಜಿಟಲ್ ರೂಪಕ್ಕೆ ತಂದು ಎಲ್ಲರಿಗೂ ಸಿಗುವಂತೆ ಮಾಡುವುದು. ಕರಾವಳಿಯ ಮಳೆಗಾಲದ ತೇವಕ್ಕೆ ಟೇಪಿಗೆ ಬೂಷ್ಟು ಹಿಡಿದು, ಪದರಗಳು ಒಂದಕ್ಕೊಂದು ಅಂಟಿಕೊಂಡು ಹಾಳಾಗುತ್ತವೆ. ಅವರ ಮನೆಯಲ್ಲಿ ಎರಡು ಕಪಾಟು ತುಂಬ ಕ್ಯಾಸೆಟ್ಟುಗಳಿವೆಯೆಂದು ಬರೆದಿದ್ದೀರಿ. ಅವುಗಳಲ್ಲಿ ಹಾಡಿದವರು ಎಷ್ಟು ಮಂದಿ ಈಗ ಬದುಕಿದ್ದಾರೋ ಯೋಚಿಸಿ. ಜೂನ್ ಬರುವ ಮುನ್ನ ಈ ಕೆಲಸಕ್ಕೆ ಕೈಹಾಕಿ ಎಂದು ನಾನು ಒತ್ತಾಯಪೂರ್ವಕವಾಗಿ ಹೇಳುತ್ತೇನೆ.

ಇನ್ನೊಂದು ವಿಷಯದಲ್ಲಿ ನನಗೆ ಗಟ್ಟಿಯಾದ ಅಭಿಪ್ರಾಯವಿದೆ. ಪಾಡ್ದನ ಹಾಡಿದವರ ಹೆಸರುಗಳು ನಿಮ್ಮ ಕರಡಿನಲ್ಲಿ ಎಲ್ಲಿಯೂ ಇಲ್ಲ. ಸಂಗ್ರಾಹಕರ ಗೌರವ ನಿಂತಿರುವುದು ಹಾಡಿದವರ ನೆನಪಿನ ಮೇಲೆ. ಧರ್ಮಸ್ಥಳದ ಬಳಿಯ ಗೋಪಾಲ ನಾಯ್ಕರು 1990ರ ಡಿಸೆಂಬರಿನಲ್ಲಿ ಹಾಡಿದ ಸಿರಿ ಪಾಡ್ದನ ದಾಖಲಾಗಿ 15,683 ಸಾಲುಗಳಾಗಿ ಅಚ್ಚಾದಾಗ, ಫಿನ್ಲೆಂಡಿನ ಪ್ರೊಫೆಸರ್ ಲೌರಿ ಹೊಂಕೊ ಮತ್ತು ಅವರ ಜೊತೆ ದುಡಿದ ನಮ್ಮ ವಿದ್ವಾಂಸರು ಹಾಡುಗಾರರ ಹೆಸರನ್ನು ಗ್ರಂಥದ ಶೀರ್ಷಿಕೆಯಲ್ಲಿಯೇ ಇಟ್ಟರು. ನಿಮ್ಮ ಮೇಷ್ಟ್ರು ಪ್ರತಿಯೊಂದು ಕ್ಯಾಸೆಟ್ಟಿನ ಮೇಲೆ ಹಾಡಿದವರ ಹೆಸರು ಬರೆದಿಟ್ಟವರು. ಅವರ ಬಗ್ಗೆ ನೀವು ಬರೆಯುವ ಬರಹದಲ್ಲಿ ಆ ಹೆಸರುಗಳಲ್ಲಿ ಮೂರು ನಾಲ್ಕಾದರೂ ಬರದಿದ್ದರೆ ಅವರಿಗೇ ಅದು ಸರಿಕಾಣದು. 800 ಪದಗಳಲ್ಲಿ ಅಷ್ಟು ಜಾಗ ಖಂಡಿತ ಸಿಗುತ್ತದೆ.

ಹೆಸರಿನ ಮೊದಲು 'ಪದ್ಮಶ್ರೀ' ಎಂದು ಬರೆದುಕೊಳ್ಳಬಹುದೇ ಎಂಬ ನಿಮ್ಮ ಪ್ರಶ್ನೆಗೆ ಉತ್ತರ: ಬರೆದುಕೊಳ್ಳುವಂತಿಲ್ಲ. ನಮ್ಮ ಸಂವಿಧಾನದ 18ನೇ ವಿಧಿ ಸರ್ಕಾರವು ಬಿರುದುಗಳನ್ನು ಕೊಡಕೂಡದೆಂದು ಹೇಳುತ್ತದೆ. ಅದಕ್ಕೆ ಎರಡೇ ವಿನಾಯಿತಿ, ಸೇನೆಯದು ಮತ್ತು ವಿದ್ವತ್ತಿನದು. ಆದ್ದರಿಂದ ವಿಶ್ವವಿದ್ಯಾನಿಲಯ ಕೊಟ್ಟ ಡಾಕ್ಟರೇಟ್‌ನ 'ಡಾ.' ಹೆಸರಿನ ಮೊದಲು ಬರಬಹುದು. ಸರ್ ಸಿ.ವಿ. ರಾಮನ್ ಅವರಿಗೆ ಬ್ರಿಟಿಷ್ ಸರ್ಕಾರ 1929ರಲ್ಲಿ 'ಸರ್' ಬಿರುದು ಕೊಟ್ಟಿತ್ತು; ಸ್ವತಂತ್ರ ಭಾರತ ಅವರಿಗೆ 1954ರಲ್ಲಿ ಭಾರತರತ್ನ ಕೊಟ್ಟಾಗ ಅದು ಬಿರುದಾಗಿರಲಿಲ್ಲ, ಗೌರವವಾಗಿತ್ತು. ಪದ್ಮ ಪ್ರಶಸ್ತಿಗಳು ಆರಂಭವಾದದ್ದೂ ಅದೇ ವರ್ಷ. ಇವು ಹಿಂಬಾಗಿಲಿನಿಂದ ಬಂದ ಬಿರುದುಗಳೇ ಎಂಬ ಆಕ್ಷೇಪ ಮುಂದೆ ನ್ಯಾಯಾಲಯದ ಮೆಟ್ಟಿಲೇರಿತು. 1977ರಲ್ಲಿ ಜನತಾ ಸರ್ಕಾರ ಬಂದಾಗ ಇವನ್ನು ನಿಲ್ಲಿಸಿ, 1980ರಲ್ಲಿ ಮತ್ತೆ ಆರಂಭಿಸಲಾಯಿತು. ತೊಂಬತ್ತರ ದಶಕದಲ್ಲಿ ಮೊಕದ್ದಮೆಯ ಕಾರಣದಿಂದ ಕೆಲವು ವರ್ಷ ಪ್ರಶಸ್ತಿ ಕೊಡಲಿಲ್ಲ. 1995ರ ಡಿಸೆಂಬರ್ 15ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಬಾಲಾಜಿ ರಾಘವನ್ ಪ್ರಕರಣದಲ್ಲಿ ತೀರ್ಪು ಕೊಟ್ಟು, ಇವು ಬಿರುದುಗಳಲ್ಲ, ಆದ್ದರಿಂದ ಸಂವಿಧಾನಕ್ಕೆ ವಿರುದ್ಧವಲ್ಲ ಎಂದಿತು; ಅದೇ ಕಾರಣಕ್ಕೆ ಇವನ್ನು ಹೆಸರಿನ ಹಿಂದೆಯಾಗಲಿ ಮುಂದೆಯಾಗಲಿ ಬಳಸಬಾರದು, ಬಳಸಿದರೆ ಪ್ರಶಸ್ತಿಯನ್ನು ಹಿಂಪಡೆಯಬಹುದು ಎಂದೂ ಹೇಳಿತು.

ನಮ್ಮೂರಿನ ಆಮಂತ್ರಣ ಪತ್ರಿಕೆಗಳಲ್ಲಿ, ಬ್ಯಾನರುಗಳಲ್ಲಿ ಈ ನಿಯಮ ದಿನವೂ ಮುರಿಯುತ್ತಿರುತ್ತದೆ. ಪ್ರಶಸ್ತಿ ಪಡೆದವರಿಗೆ ತಿಳಿಸದೆಯೇ ಅಭಿಮಾನಿಗಳು ಹಾಗೆ ಅಚ್ಚು ಹಾಕಿಸಿಬಿಡುತ್ತಾರೆ. ಮುಂದೆ ನಿಮ್ಮ ಗುರುಗಳಿಗೆ ಗೌರವ ಬಂದರೆ, ಅವರ ಪರಿಚಯದ ವಾಕ್ಯದಲ್ಲಿ 'ಇಂಥ ವರ್ಷದಲ್ಲಿ ಪದ್ಮಶ್ರೀ ಪಡೆದವರು' ಎಂದು ಬರೆಯಿರಿ, ಅದಕ್ಕೆ ಅಡ್ಡಿಯಿಲ್ಲ. ಪ್ರಶಸ್ತಿಯೆಂದರೆ ರಾಷ್ಟ್ರಪತಿಗಳ ಸಹಿಯಿರುವ ಸನದು ಮತ್ತು ಒಂದು ಪದಕ, ಅಷ್ಟೇ. ಹಣವಿಲ್ಲ, ರೈಲು ವಿಮಾನಗಳಲ್ಲಿ ರಿಯಾಯಿತಿಯಿಲ್ಲ. ರಾಜ್ಯೋತ್ಸವ ಪ್ರಶಸ್ತಿಯ ಹಾಗೆ ಇದರ ಜೊತೆ ನಗದು ಬರುತ್ತದೆಂದು ಭಾವಿಸುವವರಿಗೆ ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಬ್ರಿಟನ್ನಿನ ಮಾತು ಹೇಳಬೇಕೆಂದರೆ, ಅಲ್ಲಿ ಹೊಸ ವರ್ಷಕ್ಕೂ ರಾಜರ ಜನ್ಮದಿನಕ್ಕೂ ಗೌರವಪಟ್ಟಿ ಹೊರಬೀಳುತ್ತದೆ, ಅದರಲ್ಲಿ ಪ್ರತಿಸಲವೂ ವಿಶ್ವವಿದ್ಯಾನಿಲಯದವರಿರುತ್ತಾರೆ. ಅವರಲ್ಲಿ 'ಸರ್' ಬರುವುದು ನೈಟ್ ಪದವಿ ಪಡೆದವರಿಗೆ ಮಾತ್ರ. ಭಾರತದ ಪ್ರಜೆಗಳು ವಿದೇಶಿ ಸರ್ಕಾರದಿಂದ ಬಿರುದು ಸ್ವೀಕರಿಸುವುದನ್ನೂ 18ನೇ ವಿಧಿ ನಿಷೇಧಿಸುತ್ತದೆ.

ಮೇಷ್ಟ್ರಿಗೆ ಉತ್ಸಾಹವಿಲ್ಲವೆಂದಿರಿ. ಇದನ್ನು ನೀವು ಹಗುರವಾಗಿ ತೆಗೆದುಕೊಳ್ಳಬಾರದು. ಕೋಟದಲ್ಲಿ ಹುಟ್ಟಿದ ಶಿವರಾಮ ಕಾರಂತರು 1968ರಲ್ಲಿ ಪಡೆದ ಪದ್ಮಭೂಷಣವನ್ನು ತುರ್ತುಪರಿಸ್ಥಿತಿಯನ್ನು ವಿರೋಧಿಸಿ ಹಿಂದಿರುಗಿಸಿದರು. ಇತಿಹಾಸಕಾರ್ತಿ ರೊಮಿಲಾ ಥಾಪರ್ ಅವರು 1992ರಲ್ಲಿ ಒಮ್ಮೆ, 2005ರಲ್ಲಿ ಮತ್ತೊಮ್ಮೆ ಪದ್ಮಭೂಷಣವನ್ನು ಬೇಡವೆಂದರು. ವಿದ್ಯಾಸಂಸ್ಥೆಗಳು ಅಥವಾ ತಮ್ಮ ವೃತ್ತಿಗೆ ಸಂಬಂಧಪಟ್ಟ ಸಂಸ್ಥೆಗಳು ಕೊಡುವ ಗೌರವವನ್ನು ಮಾತ್ರ ಸ್ವೀಕರಿಸುವುದು ತಮ್ಮ ನಿಲುವೆಂದು ಅವರು ತಿಳಿಸಿದ್ದರು. ಪ್ರಭುತ್ವದ ಗೌರವಕ್ಕೂ ವಿದ್ವಾಂಸರ ಸ್ವಾತಂತ್ರ್ಯಕ್ಕೂ ನಡುವೆ ಅಂತರವಿರಲಿ ಎಂದು ಬಯಸುವುದು ಗೌರವಯುತವಾದ ನಿಲುವು, ಅದಕ್ಕೆ ನಮ್ಮ ಕರಾವಳಿಯಲ್ಲಿಯೂ ಪರಂಪರೆಯಿದೆ. ನಿಮ್ಮ ಗುರುಗಳ ನಿರುತ್ಸಾಹ ಅಂಥದ್ದೇ, ಇಲ್ಲವೇ 'ನನ್ನದೇನು ಮಹಾ' ಎಂಬ ಸಂಕೋಚವೇ ಎಂಬುದನ್ನು ನೀವು ಅವರ ಜೊತೆ ಕೂತು, ನೇರವಾಗಿ ಕೇಳಿ ತಿಳಿದುಕೊಳ್ಳಿ. ಸಂಕೋಚವಾದರೆ ಹಾಡಿದವರ ಹೆಸರೂ ಅದರಲ್ಲಿ ಬರುತ್ತದೆಂದು ಹೇಳಿ. ನನಗೆ ತಿಳಿದಂತೆ ಕ್ಷೇತ್ರಕಾರ್ಯ ಮಾಡಿದ ಹಿರಿಯರು ಈ ಮಾತಿಗೆ ಕಿವಿಗೊಡುತ್ತಾರೆ. ನಿಲುವೇ ಆದರೆ ಅಲ್ಲಿಗೆ ಬಿಟ್ಟುಬಿಡಿ. ಅವರಿಗೆ ತಿಳಿಸದೆ ಸೂಚಿಸಿ, ಆಮೇಲೆ ಗೃಹ ಸಚಿವಾಲಯದಿಂದ ಫೋನ್ ಬಂದಾಗ ಅವರು ಇಕ್ಕಟ್ಟಿಗೆ ಸಿಲುಕುವಂತೆ ಮಾಡುವುದು ಶಿಷ್ಯರು ಮಾಡುವ ಕೆಲಸವಲ್ಲ.

ಮನಸ್ಸು ಮಾಡಿದರೆ ತಡಮಾಡಬೇಡಿ. ಪದ್ಮ ಪ್ರಶಸ್ತಿಯನ್ನು ಸಾಮಾನ್ಯವಾಗಿ ಮರಣೋತ್ತರವಾಗಿ ಕೊಡುವುದಿಲ್ಲ. ತೀರ ಅಪರೂಪದ ಸಂದರ್ಭಗಳಿಗೆ ಮಾತ್ರ ವಿನಾಯಿತಿ. ಎಂಬತ್ತು ದಾಟಿದ ವಿದ್ವಾಂಸರ ವಿಷಯದಲ್ಲಿ 'ಮುಂದಿನ ವರ್ಷ ನೋಡೋಣ' ಎಂದು ಮುಂದೂಡುತ್ತಾ ಹೋದ ಶಿಷ್ಯರನ್ನು ಬಹಳ ಕಂಡಿದ್ದೇನೆ. ಕೊನೆಯ ದಿನಾಂಕವೂ ಪ್ರತಿವರ್ಷ ಒಂದೇ ಆಗಿರುವುದಿಲ್ಲ. 2025ರ ಪ್ರಶಸ್ತಿಗೆ ಹಿಂದಿನ ವರ್ಷದ ಸೆಪ್ಟೆಂಬರ್ 15ರವರೆಗೆ ಅವಕಾಶವಿತ್ತು, 2026ರ ಪ್ರಶಸ್ತಿಗೆ ಅದಕ್ಕಿಂತ ಮೊದಲೇ ಮುಗಿಯಿತು. ಹಿಂದಿನ ದಿನಾಂಕವನ್ನು ನಂಬಿ ಕೂರಬೇಡಿ, ಪೋರ್ಟಲ್ ತೆರೆದ ಕೂಡಲೇ ನೋಡಿಕೊಳ್ಳಿ. ಬರಹವನ್ನು ಮೇ ತಿಂಗಳೊಳಗೆ ಮುಗಿಸಿ, ತುಳುವೇ ಬಾರದ ಒಬ್ಬರಿಗೆ ಓದಲು ಕೊಡಿ. ಅವರಿಗೆ ಅರ್ಥವಾಗದ ಕಡೆ ತಿದ್ದಿ.

ಇತರ ರಾಷ್ಟ್ರೀಯ ಗೌರವಗಳ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. 1958ರಿಂದ ಇರುವ ರಾಷ್ಟ್ರೀಯ ಶಿಕ್ಷಕ ಪ್ರಶಸ್ತಿ ಶಾಲಾ ಶಿಕ್ಷಕರಿಗೆ ಮೀಸಲಾಗಿತ್ತು; 2023ರಿಂದ ಕಾಲೇಜು, ವಿಶ್ವವಿದ್ಯಾನಿಲಯಗಳ ಅಧ್ಯಾಪಕರಿಗೂ ವಿಸ್ತರಣೆಯಾಗಿದೆ, ಆದರೆ ಅದು ಸೇವೆಯಲ್ಲಿರುವವರಿಗೆ. ವಿಜ್ಞಾನದ ಪ್ರಾಧ್ಯಾಪಕರಿಗೆ ರಾಷ್ಟ್ರೀಯ ವಿಜ್ಞಾನ ಪುರಸ್ಕಾರವಿದ್ದು, ಅದನ್ನು ಮೊದಲ ಬಾರಿಗೆ ಕೊಟ್ಟದ್ದು 2024ರಲ್ಲಿ. ಸಂಸ್ಕೃತ, ಪಾಲಿ, ಪ್ರಾಕೃತ, ಅರೇಬಿಕ್, ಪರ್ಷಿಯನ್ ವಿದ್ವಾಂಸರಿಗೆ ರಾಷ್ಟ್ರಪತಿಗಳ ಗೌರವ ಪ್ರಮಾಣಪತ್ರವಿದೆ. ಇವು ಯಾವುವೂ ನಿಮ್ಮ ಗುರುಗಳ ಕೆಲಸಕ್ಕೆ ಹೊಂದುವುದಿಲ್ಲ. ಹೊಂದುವುದು ಕೇಂದ್ರ ಸಾಹಿತ್ಯ ಅಕಾಡೆಮಿಯ ಭಾಷಾ ಸಮ್ಮಾನ್. ಅಕಾಡೆಮಿಯ ವಾರ್ಷಿಕ ಪ್ರಶಸ್ತಿಯ ವ್ಯಾಪ್ತಿಗೆ ಬಾರದ ಭಾಷೆಗಳಲ್ಲಿ ದುಡಿದವರಿಗಾಗಿ 1996ರಲ್ಲಿ ಆರಂಭವಾದ ಈ ಗೌರವ ತುಳುವಿನ ವಿದ್ವಾಂಸರಿಗೂ ಸಂದಿದೆ. ಪಾಡ್ದನದ ಕೆಲಸವನ್ನು ತೂಗಿ ನೋಡಬಲ್ಲವರು ಅಲ್ಲಿರುವ ಸಾಧ್ಯತೆ ಹೆಚ್ಚು. ಪ್ರಭುತ್ವದ ಗೌರವ ಬೇಡವೆನ್ನುವ ಮೇಷ್ಟ್ರು ಅಕಾಡೆಮಿಯ ಗೌರವಕ್ಕೆ ಒಪ್ಪಲೂಬಹುದು.

ಆಯ್ಕೆಯಾಗದಿದ್ದರೆ ಕಾರಣ ತಿಳಿಸುವ ಪತ್ರ ಬರುವುದಿಲ್ಲ. ಗಣರಾಜ್ಯೋತ್ಸವದ ಮುನ್ನಾದಿನದ ಪಟ್ಟಿಯಲ್ಲಿ ಹೆಸರಿಲ್ಲವೆಂದರೆ ಆ ವರ್ಷಕ್ಕೆ ಮುಗಿಯಿತು, ಮರುವರ್ಷ ಮತ್ತೆ ಸಲ್ಲಿಸಲು ಅಡ್ಡಿಯಿಲ್ಲ. ಹಾಗಾಗಿ ಸಲ್ಲಿಸಿದ ಬರಹದ ಪ್ರತಿ, ಕ್ಯಾಸೆಟ್ಟುಗಳ ಪಟ್ಟಿ, ಹಾಡಿದವರ ವಿವರ, ಸಂಗ್ರಹವನ್ನು ಬಳಸಿದ ಸಂಶೋಧಕರ ಪತ್ರಗಳು ಇವೆಲ್ಲವನ್ನೂ ನಿಮ್ಮಲ್ಲಿ ಒಬ್ಬರು ಒಂದೇ ಕಡತದಲ್ಲಿ ಇಟ್ಟುಕೊಳ್ಳಿ. ತಿದ್ದಿದ ಕರಡನ್ನು ಕಳಿಸಿದರೆ ನಾನು ಓದಿ ನೋಡುತ್ತೇನೆ.